ಹದಿನೇಳನೆಯ ತುಂಡು

ಮಾಲು ಅಂತ ನೋಡಿದರೆ ಅರದ ಮೇಷ್ಟ್ರು ಯಾರೂ ಎರಡನೇ ಸಲ ಕೈಗೆತ್ತಿಕೊಳ್ಳುವ ಮಾಲಲ್ಲ. ಎತ್ತರ ಕಡಿಮೆ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ ಜಗ್ಗಿದೆ. ಉಗುರಿನ ಸಂದಿಯಲ್ಲಿ ಮೂವತ್ತು ವರ್ಷದ ಮಸಿ, ಯಾವ ಸೋಪಿಗೂ ಅದು ಬಗ್ಗಿಲ್ಲ. ತಕ್ಕಡಿಯಲ್ಲಿ ಕೂರಿಸಿದರೆ ಐವತ್ತೆರಡು ಕಿಲೋ ತೂಗಿಯಾರು, ಅದರಲ್ಲಿ ಎರಡು ಕಿಲೋ ಮೊಂಡುತನ. ಹೊಳಪಿಲ್ಲ, ಪ್ಯಾಕಿಂಗ್ ಇಲ್ಲ, ತನ್ನನ್ನು ತಾನು ಮಾರಿಕೊಳ್ಳುವ ಬಾಯಂತೂ ಮೊದಲೇ ಇಲ್ಲ. ಇಂಥ ಮಾಲನ್ನು ವ್ಯಾಪಾರಸ್ಥರು ಹಿಂದಿನ ಕಪಾಟಿಗೆ ತಳ್ಳುತ್ತಾರೆ. ಯಾರಾದರೂ ಹೆಸರು ಹಿಡಿದು ಕೇಳಿದರೆ ಮಾತ್ರ ಧೂಳು ಕೊಡವಿ ತೆಗೆಯುತ್ತಾರೆ.

ಹೆಸರು ಹಿಡಿದು ಕೇಳುವವರು ಒಂದು ಕಾಲದಲ್ಲಿ ಇದ್ದರು. ತರಬೇತಿ ಶಾಲೆಯ ಫಿಟ್ಟರ್ ವಿಭಾಗಕ್ಕೆ ಅವರೊಬ್ಬರೇ ಮೇಷ್ಟ್ರು. ಕಬ್ಬಿಣ ಉಜ್ಜಿ ಸಮ ಮಾಡುವ ಅರ ಅವರ ಕೈಯಿಂದ ಕೆಳಗಿಳಿದದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ಹುಡುಗರು ಬೆನ್ನ ಹಿಂದೆ ಹಾಗೆ ಅನ್ನುತ್ತಿದ್ದರು, ಹೆಂಡತಿ ಸಿಟ್ಟು ಬಂದಾಗ ಮುಖದ ಮುಂದೆಯೇ ಅನ್ನುತ್ತಿದ್ದರು. ಶಾಲೆಯ ಗೇಟಿನ ಎದುರಿಗೇ ನಮ್ಮ ಕಬ್ಬಿಣದ ಅಂಗಡಿ. ಆರು ಅರ ಕೊಳ್ಳಲು ಮೇಷ್ಟ್ರಿಗೆ ಒಂದೂವರೆ ಗಂಟೆ ಬೇಕು. ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆನ್ನು ನೆಟ್ಟಗಿದೆಯೇ ಅಂತ ನೋಡಿ, ಹಲ್ಲಿನ ಮೇಲೆ ಹೆಬ್ಬೆರಳು ಎಳೆದು, ಮತ್ತೆ ಡಬ್ಬಕ್ಕೆ ಹಾಕಿ ಇನ್ನೊಂದನ್ನು ತೆಗೆಯುವರು. ಹುಟ್ಟಿದ ಮಗುವಿಗೆ ಹೆಸರು ಹುಡುಕುವವರೂ ಇಷ್ಟು ಹೊತ್ತು ಹುಡುಕುವುದಿಲ್ಲ ಅಂತ ಅಂಗಡಿಯಲ್ಲಿ ಚುಚ್ಚಿದರೆ ಅವರು ತಲೆಯೆತ್ತದೆ, "ಹೆಸರು ಸರಿಯಿಲ್ಲದಿದ್ರೂ ಮಗು ಬೆಳೆಯುತ್ತೆ. ಅರ ಸರಿಯಿಲ್ಲದಿದ್ರೆ ಹದಿನಾರು ಜನರ ಕೈ ಕೆಡುತ್ತೆ" ಅನ್ನುವರು. ಗಿರಾಕಿಯ ಬಾಯಿಂದ ಇಂಥ ಮಾತು ಬಂದರೆ ಅಂಗಡಿಯವನು ಇನ್ನೊಂದು ಡಬ್ಬ ಇಳಿಸಲೇಬೇಕು.

ಉಳಿದ ವಿಭಾಗಗಳ ಮೇಷ್ಟ್ರುಗಳದ್ದು ಸುಲಭದ ಪದ್ಧತಿ. ಬೋರ್ಡಿನ ಮೇಲೆ ಚಿತ್ರ ಬರೆಯುವುದು, ಅಳತೆ ಹಾಕುವುದು, "ಹೂಂ, ಮಾಡಿ" ಅಂದು ಟೀಗೆ ಹೋಗುವುದು. ಬಂದಮೇಲೆ ಕೆಟ್ಟಿದ್ದನ್ನು ನೋಡಿ ಬೈಯುವುದು. ಅರದ ಮೇಷ್ಟ್ರಿಗೆ ಇದು ಒಗ್ಗಲಿಲ್ಲ. ತಗಡಿನ ಚಾವಣಿಯ ಆ ಉದ್ದನೆಯ ಶೆಡ್ಡಿನಲ್ಲಿ ಎರಡು ಸಾಲು ಮರದ ಬೆಂಚು, ಬೆಂಚಿಗೆ ಬಿಗಿದ ಹದಿನಾರು ವೈಸು. ವೈಸು ಅಂದರೆ ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ದವಡೆ, ಕಲಿಯುವವರಿಗೆ ತಲೆಗೊಂದು. ಮೇಷ್ಟ್ರು ಕೆಲಸಕ್ಕೆ ಸೇರಿದ ವರ್ಷವೇ ಗುಜರಿಯಿಂದ ಒಂದು ಹಳೇ ವೈಸು ತಂದು, ತುಕ್ಕು ಬಿಡಿಸಿ, ಬಾಗಿಲ ಬಳಿಯ ಬೆಂಚಿಗೆ ಹದಿನೇಳನೆಯದಾಗಿ ಬಿಗಿದುಕೊಂಡರು. ಕಲಿಯುವವರಿಗೆ ಯಾವ ಕೆಲಸ ಕೊಟ್ಟರೋ ಅದನ್ನೇ ತಾವೂ ಅದೇ ಗಂಟೆಗೆ ಶುರು ಮಾಡುವರು. ಬೆಳಿಗ್ಗೆ ಹಾಜರಿ ಕೂಗುವಾಗ ಹದಿನಾರು ಆದಮೇಲೆ "ಹದಿನೇಳು" ಅಂತ ಕೂಗಿ, ತಾವೇ "ಇದ್ದೀನಿ" ಅನ್ನುವರು. ಒಂದು ದಿನ ಬಸ್ಸು ಕೆಟ್ಟು ತಡವಾಗಿ ಬಂದಾಗ ಹುಡುಗರು ಹದಿನೇಳಕ್ಕೆ ಗೈರುಹಾಜರಿ ಹಾಕಿಟ್ಟಿದ್ದರು. ಮೇಷ್ಟ್ರು ಅದನ್ನು ಅಳಿಸಲಿಲ್ಲ. ಮಧ್ಯಾಹ್ನ ಎಲ್ಲರ ಜೊತೆ ನೆಲ ಗುಡಿಸುವ ಶಿಕ್ಷೆಯನ್ನೂ ತೀರಿಸಿದರು.

ಕೆಲಸ ಮುಗಿದ ಮೇಲೆ ತುಂಡುಗಳೆಲ್ಲ ಒಂದೇ ಎಣ್ಣೆ ಟ್ರೇಗೆ ಬೀಳುತ್ತಿದ್ದವು, ಹೆಸರಿಲ್ಲ, ನಂಬರಿಲ್ಲ. ಆಮೇಲೆ ಎಲ್ಲರೂ ಕಿಟಕಿಯ ಹತ್ತಿರ ಗುಂಪುಗೂಡಿ, ಒಂದೊಂದಕ್ಕೂ ಮೂಲೆಮಟ್ಟ ಹಿಡಿದು ನೋಡುವರು. ಮಟ್ಟಕ್ಕೂ ಕಬ್ಬಿಣಕ್ಕೂ ನಡುವೆ ಬೆಳಕು ನುಸುಳಿದರೆ ಆ ತುಂಡು ಕೆಟ್ಟಂತೆ. ಒಂದಿಷ್ಟೂ ನುಸುಳದಿದ್ದರೆ "ಬೆಳಕು ಸತ್ತಿದೆ" ಅನ್ನುವುದು ಅವರ ಮಾತು. ಯಾರದ್ದು ಅಂತ ಗೊತ್ತಿಲ್ಲದೆ ತಪ್ಪು ಹುಡುಕುವುದು, ಕೊನೆಗೆ ಅದು ಮೇಷ್ಟ್ರದ್ದೇ ಅಂತ ಗೊತ್ತಾಗುವುದು, ಇದಕ್ಕಿಂತ ದೊಡ್ಡ ಸಂತೋಷ ಹತ್ತೊಂಬತ್ತು ವರ್ಷದವರಿಗೆ ಬೇರೆ ಯಾವುದಿದೆ? ಮೇಷ್ಟ್ರು ಅದನ್ನು ಗುಜರಿ ಡಬ್ಬಕ್ಕೆ ಎಸೆದು ಹೊಸದು ಹಿಡಿಯುವರು. ಆ ಡಬ್ಬದ ಸದ್ದು ಕೇಳಿದರೆ ಗೆದ್ದಷ್ಟು ಗಲಾಟೆ. ಬೇರೆಲ್ಲೂ ಸೀಟು ಸಿಗದೆ, ಮನೆಯಲ್ಲಿ ಕೂರುವ ಬದಲು ಅಂತ ಬಂದು ಸೇರಿದವರು ಗಂಟೆ ಹೊಡೆದ ಮೇಲೂ ಶೆಡ್ಡು ಬಿಟ್ಟು ಹೊರಡುತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ಇದು ಶಿಸ್ತಿಲ್ಲದ ವಿಭಾಗವಾಗಿ ಕಂಡಿತು. ಮೇಷ್ಟ್ರ ಹೆಂಡತಿಗೆ ಇದು ಬೇರೆ ಥರ ಕಂಡಿತು. "ರೀ, ಸಂಬಳ ಕೊಡೋದು ಕಲಿಸೋಕೆ, ಕಲಿಯೋಕಲ್ಲ" ಅಂತ ಅವರು ಎಷ್ಟೋ ಸಲ ಹೇಳಿದ್ದರಂತೆ. ಮೇಷ್ಟ್ರಿಗೆ ಈ ಎರಡರ ನಡುವೆ ಗೆರೆ ಎಲ್ಲಿದೆ ಅಂತ ಕೊನೆಗೂ ಕಾಣಲಿಲ್ಲ. ಕಂಡಿದ್ದರೆ ಚೆನ್ನಾಗಿತ್ತು.

ಅವರ ಸರ್ವೀಸಿಗೆ ಇನ್ನು ನಾಲ್ಕು ವರ್ಷ ಉಳಿದಿದ್ದಾಗ ಆ ಬ್ಯಾಚು ಬಂತು. ಹದಿನೈದು ಹುಡುಗರು, ಒಬ್ಬ ಹೆಂಗಸು. ವಯಸ್ಸು ಮೂವತ್ತೈದು. ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದವನು, ಕೆಲಸದಲ್ಲಿರುವಾಗಲೇ ಎದೆನೋವು ಬಂದು ಹೋಗಿಬಿಟ್ಟಿದ್ದ. ಒಂದೂವರೆ ವರ್ಷದೊಳಗೆ ಫಿಟ್ಟರ್ ಸರ್ಟಿಫಿಕೇಟ್ ತಂದರೆ ಗಂಡನ ಜಾಗ ನಿಮಗೆ, ತರದಿದ್ದರೆ ಜಾಗ ಬೇರೆಯವರಿಗೆ ಅಂತ ಅಲ್ಲಿನವರು ಹೇಳಿದ್ದರು. ಕೋರ್ಸು ಒಂದು ವರ್ಷದ್ದು. ಸೀಟು ಸಿಗುವ ಹೊತ್ತಿಗೇ ಆ ಒಂದೂವರೆ ವರ್ಷದಲ್ಲಿ ನಾಲ್ಕು ತಿಂಗಳು ಕರಗಿತ್ತು. ಅಂದರೆ ಒಂದೇ ಸಲಕ್ಕೆ ಪಾಸಾಗಬೇಕು, ಎರಡನೇ ಸಲ ಅನ್ನುವುದಿಲ್ಲ. ಶಾಲೆಗೆ ಹೋಗುವ ಮಗಳೊಬ್ಬಳು ಮನೆಯಲ್ಲಿ. ಹುಡುಗರು ಮೊದಲ ವಾರವೇ ಆಕೆಯನ್ನು ಅತ್ತಿಗೆ ಅಂದರು. ಮೇಷ್ಟ್ರೂ ಅತ್ತಿಗೆ ಅಂದರು. ವಯಸ್ಸಿನಲ್ಲಿ ಅಪ್ಪನಂತಿರುವ ನೀವು ಹಾಗನ್ನಬಹುದೇ ಅಂತ ಯಾರೋ ಕೇಳಿದ್ದಕ್ಕೆ, ಬ್ಯಾಚಿನವರಿಗೆಲ್ಲ ಅತ್ತಿಗೆ ಆದರೆ ಹದಿನೇಳನೆಯವನಿಗೆ ಮಾತ್ರ ಹೇಗೆ ತಪ್ಪುತ್ತದೆ ಅಂದಿದ್ದರು.

ಎರಡು ತಿಂಗಳು ಅತ್ತಿಗೆಯ ಕೈಯಿಂದ ಒಂದು ಸಮನಾದ ತುಂಡು ಹೊರಬರಲಿಲ್ಲ. ಎಲ್ಲದಕ್ಕೂ ಹೊಟ್ಟೆ. ಅರ ತೂಗುಯ್ಯಾಲೆಯಾದರೆ ಅಂಚು ಸವೆದು ನಡು ಉಬ್ಬುತ್ತದೆ, ಇದು ಹೊಸಬರೆಲ್ಲರ ರೋಗ, ಆದರೆ ಮೂರು ವಾರದಲ್ಲಿ ಬಿಡುವ ರೋಗ. ಆಕೆಗೆ ಬಿಡಲಿಲ್ಲ. ಹುಡುಗರು ನಗುವುದನ್ನೂ ನಿಲ್ಲಿಸಿದರು, ಅದು ನಗುವುದಕ್ಕಿಂತ ಕೆಟ್ಟದ್ದು. ಒಂದು ಸಂಜೆ ಹಾಜರಿ ಪುಸ್ತಕದಲ್ಲಿ ಆಕೆ ಸಹಿ ಹಾಕುವಾಗ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಪೆನ್ನು ಎಡಗೈಯಲ್ಲಿತ್ತು.

"ಎಡಗೈಯವರಾ ನೀವು?"

"ಹೂಂ."

"ಎರಡು ತಿಂಗಳಿಂದ ಬಲಗೈಲಿ ಉಜ್ಜಿಸ್ತಾ ಇದ್ದೀನಲ್ಲ. ಹೇಳಬಾರದಾ?"

"ಬೈತಾರೆ ಅಂತ."

"ಯಾರು?"

"ಎಲ್ಲರೂ ಬೈತಾರೆ," ಅಂದರು ಅತ್ತಿಗೆ. "ಹೇಗೂ ಬಿಟ್ಟುಬಿಡೋಣ ಅಂತಿದ್ದೆ."

ಮೇಷ್ಟ್ರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವಂತೆ. ಎಡಗೈಗೆ ಕಲಿಸುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಯಾವ ಕಾಲು ಮುಂದೆ, ಮೊಣಕೈ ಎಲ್ಲಿ, ಭಾರ ಯಾವಾಗ ಈ ಕೈಯಿಂದ ಆ ಕೈಗೆ ದಾಟಬೇಕು, ಇದೆಲ್ಲ ಮೂವತ್ತು ವರ್ಷದಿಂದ ಮೈಯೊಳಗೆ ಒಂದೇ ದಿಕ್ಕಿನಲ್ಲಿ ಕೂತುಬಿಟ್ಟಿತ್ತು. ಬೋರ್ಡಿನ ಮೇಲೆ ತಿರುಗಿಸಿ ಬರೆದುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅವರು ಮರುದಿನ ಬೆಳಿಗ್ಗೆ ತಮ್ಮ ವೈಸನ್ನು ಬಿಚ್ಚಿ, ಅತ್ತಿಗೆಯ ವೈಸಿನ ಪಕ್ಕಕ್ಕೆ ತಂದು ಬಿಗಿದು, ಅರವನ್ನು ಎಡಗೈಗೆ ತೆಗೆದುಕೊಂಡರು. "ಇದು ನನಗೂ ಬರಲ್ಲ ಅತ್ತಿಗೆ," ಅಂದರು. "ಇಬ್ಬರೂ ಕಲಿಯೋಣ. ಯಾರು ಮೊದಲು ಅಂತ ನೋಡೇಬಿಡೋಣ."

ಅವರ ಮೊದಲ ಎಡಗೈ ತುಂಡು ನೋಡಿ ಹುಡುಗರು ಇದು ಚೌಕವೋ ಆಲೂಗಡ್ಡೆಯೋ ಅಂತ ಪಂಚಾಯಿತಿ ಕೂಡಿಸಿದರು. ಮೇಷ್ಟ್ರ ಕೈಗೆ ಬೊಬ್ಬೆ ಬಂತು, ಹೊಸಬರಿಗೆ ಬರುವಂಥದ್ದೇ ನೀರುಬೊಬ್ಬೆ. ಅದನ್ನು ಅವರು ಅತ್ತಿಗೆಗೆ ತೋರಿಸಿದರು, ಅತ್ತಿಗೆ ತಮ್ಮದನ್ನು ತೋರಿಸಿದರು. ಅವತ್ತಿನಿಂದ ಆಟದ ರೀತಿಯೇ ಬದಲಾಯಿತು. ಇಬ್ಬರು ಪಕ್ಕಪಕ್ಕದಲ್ಲಿ ನಿಂತು ಒಂದೇ ಲಯಕ್ಕೆ ಉಜ್ಜುವುದು, ಒಬ್ಬರ ತಪ್ಪು ಇನ್ನೊಬ್ಬರು ಹಿಡಿಯುವುದು. ಮೇಷ್ಟ್ರು ಎಡಗಾಲು ಹಿಂದಿಟ್ಟು ನೋಡಿ, ಅದು ಸರಿಹೋದರೆ ಆಕೆಗೆ ಹೇಳುವರು. ಆಕೆ ಹಿಡಿಯನ್ನು ಒಂಚೂರು ತಿರುಗಿಸಿ ನೋಡಿ, ಸರಿಹೋದರೆ ಅವರಿಗೆ ಹೇಳುವರು. ಒಂದು ವಾರವಂತೂ ಇಡೀ ಬ್ಯಾಚಿಗೆ ಹುಚ್ಚು ಹಿಡಿದು ಎಲ್ಲರೂ ಎಡಗೈಯಲ್ಲೇ ಉಜ್ಜಿದರು. ಸುತ್ತು ಹೊಡೆಯಲು ಬಂದ ಪ್ರಿನ್ಸಿಪಾಲರು ತುಂಬಿದ ಗುಜರಿ ಡಬ್ಬ ನೋಡಿ, ಕಬ್ಬಿಣ ನಿಮ್ಮಪ್ಪನ ಮನೆಯದಾ ಅಂತ ಹುಡುಗರನ್ನು ಕೇಳಿದರು. ಮೇಷ್ಟ್ರನ್ನೂ ಕೇಳುತ್ತಿದ್ದರೋ ಏನೋ, ಅವರು ಆಗ ಬಗ್ಗಿ ಅಂಚು ನೋಡುತ್ತಿದ್ದರು.

ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಟ್ರೇಯಿಂದ ತೆಗೆದ ಒಂದು ತುಂಡಿನ ಕೆಳಗೆ ಬೆಳಕು ಸತ್ತಿತು. ಆರೂ ಮುಖ. ಮೇಷ್ಟ್ರು ಮೂರು ಸಲ ಮಟ್ಟ ಹಿಡಿದರು, ಮಟ್ಟವೇ ಕೆಟ್ಟಿದೆಯೇನೋ ಅಂತ ಇನ್ನೊಂದು ಮಟ್ಟ ತರಿಸಿದರು. ಅರದ ಗೆರೆ ಎಡಗೈಯದು. ಬೇರೆಯವರ ತುಂಡಿನ ಮೇಲೆ ಗೆರೆ ಒಂದು ಕಡೆಗೆ ವಾಲಿದರೆ ಎಡಗೈಯವರದ್ದು ಇನ್ನೊಂದು ಕಡೆಗೆ ವಾಲುತ್ತದೆ. ಎಡಗೈಯವರು ಇಬ್ಬರೇ. ಇದು ತಮ್ಮದಲ್ಲ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಗುಜರಿ ಡಬ್ಬದ ಸದ್ದಿಗೆ ಕಿರುಚುವ ಹುಡುಗರು ಅವತ್ತು ಕಿರುಚಲಿಲ್ಲ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಮೇಷ್ಟ್ರೇ, ನಿಮ್ಮದು ಮೊಣಕೈ ಮೇಲೆ ಹೋಗ್ತಿದೆ, ಅದಕ್ಕೇ ಬರ್ತಿಲ್ಲ" ಅಂದರು. ಮೇಷ್ಟ್ರು ತಲೆದೂಗಿ ಮೊಣಕೈ ತಗ್ಗಿಸಿದರು. ಅದೇ ಸಂಜೆ ಅಂಗಡಿಗೆ ಬಂದವರು ಅರ ಕೊಳ್ಳಲಿಲ್ಲ, ಏನನ್ನೂ ಕೊಳ್ಳಲಿಲ್ಲ. ಹೇಳಲು ಬಂದಿದ್ದರು. ಎರಡೆರಡು ಸಲ ಹೇಳಿದರು.

ಅವರ ಬದುಕಿನ ಒಳ್ಳೆಯ ಕಾಲ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಗಿನಿಂದ ಪರೀಕ್ಷಕರು ಬರಬೇಕು. ಅವರು ಮೊದಲು ಕಚ್ಚಾ ತುಂಡುಗಳ ಮೇಲೆ ನಂಬರ್ ಪಂಚ್ ಹೊಡೆದು ಕೊಡಬೇಕು, ಆಮೇಲೆ ಕೆಲಸ ಶುರು. ಪರೀಕ್ಷಕರು ಬಂದದ್ದು ಹತ್ತೂವರೆಗೆ. ಪಂಚಿನ ಪೆಟ್ಟಿಗೆ ಕಾರಿನಲ್ಲೇ ಇತ್ತು, ಕಾರು ಬೇರೆಲ್ಲಿಗೋ ಹೋಗಿತ್ತು. ತಡವಾಗುತ್ತದೆ, ಈಗ ಶುರು ಮಾಡಿ, ಮುಗಿದ ಮೇಲೆ ಪಂಚ್ ಹೊಡೆದರಾಯಿತು ಅಂದು ಅವರು ಪ್ರಿನ್ಸಿಪಾಲರ ಕೋಣೆಗೆ ಹೋದರು. ಫ್ಯಾನಿತ್ತು ಅಲ್ಲಿ. ಈ ಸಂಗತಿ ಆಮೇಲೆ ಯಾವ ವರದಿಯಲ್ಲೂ ಬರಲಿಲ್ಲ.

ಮೇಷ್ಟ್ರಿಗೆ ಬಾಗಿಲ ಬಳಿ ಒಂದು ಕುರ್ಚಿ ಹಾಕಿದ್ದರು. ಮೇಲ್ವಿಚಾರಣೆ ಅಂದರೆ ಕೂತಿರುವುದು. ಅವರು ಅರ್ಧ ಗಂಟೆ ಕೂತರು. ಹದಿನಾರು ಜನ ಬೆವರು ಸುರಿಸಿ ಉಜ್ಜುತ್ತಿರುವಾಗ ಕೈಕಟ್ಟಿ ಕೂತಿರುವುದು ಅವರ ಮೈಗೆ ಬರುವ ಕೆಲಸವಲ್ಲ. ಹುಡುಗರ ಕೈ ಹೆದರಿಕೆಗೆ ಬಿಗಿಯಾಗಿತ್ತು, ಲಯ ತಪ್ಪಿತ್ತು, ಒಬ್ಬನಂತೂ ಅರ ಎರಡು ಸಲ ಕೆಳಗೆ ಬೀಳಿಸಿದ. ಮೇಷ್ಟ್ರು ಎದ್ದರು. ಪ್ರತಿ ವರ್ಷದ ಪರೀಕ್ಷೆಗೂ ತರಿಸುವಂತೆ ಅವತ್ತೂ ತುಂಡು ಹದಿನೇಳು ಬಂದಿತ್ತು. ಉಳಿದ ಒಂದನ್ನು ತಮ್ಮ ವೈಸಿಗೆ ಕಚ್ಚಿಸಿ, ಅರವನ್ನು ಎಡಗೈಗೆ ತೆಗೆದುಕೊಂಡು ಉಜ್ಜತೊಡಗಿದರು. ಒಂದು ಮಾತಾಡಲಿಲ್ಲ, ಯಾರ ತುಂಡನ್ನೂ ನೋಡಲಿಲ್ಲ. ಬರೀ ಸದ್ದು. ಹತ್ತು ನಿಮಿಷದಲ್ಲಿ ಹದಿನಾರು ಅರಗಳು ಆ ಸದ್ದಿನ ಹಿಂದೆ ಬಂದವು. ಅರ ಬೀಳಿಸಿದವನೂ ಬಂದ. ಆ ದಿನ ಕಬ್ಬಿಣ ಬೆಣ್ಣೆಯ ಹಾಗೆ ಇಳಿಯಿತು ಅಂತ ಆ ಬ್ಯಾಚಿನವರು ಈಗಲೂ ಹೇಳುತ್ತಾರೆ. ಮೇಷ್ಟ್ರು ಹೇಳುವುದಿಲ್ಲ.

ಮುಗಿದವರು ಮುಗಿದ ಹಾಗೆ ತುಂಡನ್ನು ಎಣ್ಣೆ ಟ್ರೇಗೆ ಹಾಕಿದರು. ಅವರವರ ವೈಸಿನ ಹತ್ತಿರವೇ ಇಟ್ಟುಕೊಳ್ಳಬೇಕಿತ್ತು. ಆದರೆ ಒಂದು ವರ್ಷ ಕೈ ಕಲಿತದ್ದು ಟ್ರೇಗೆ ಹಾಕುವುದನ್ನು. ಕೊನೆಯಲ್ಲಿ ಮೇಷ್ಟ್ರೂ ತಮ್ಮದನ್ನು ಹಾಕಿದರು. ಹಾಕಿದ್ದು ಗೊತ್ತೇ ಆಗಲಿಲ್ಲ ಅಂತ ಆಮೇಲೆ ಹೇಳಿದರು. ಅಭ್ಯಾಸವೆನ್ನುವುದು ನಂಬಿಕಸ್ಥ ಆಳು, ಯಜಮಾನ ಬೇಡ ಅಂದರೂ ಕೆಲಸ ಮುಗಿಸಿಯೇ ಬಿಡುತ್ತದೆ.

ಪರೀಕ್ಷಕರು ಪಂಚಿನ ಪೆಟ್ಟಿಗೆ ಹಿಡಿದು ಬಂದು ಟ್ರೇಯಲ್ಲಿ ಎಣಿಸಿದರು. ಹದಿನೇಳು. ಮತ್ತೆ ಎಣಿಸಿದರು. ಆಮೇಲೆ ಮೇಷ್ಟ್ರ ಕೈ ನೋಡಿದರು, ಅಂಗಿಯ ಮೇಲಿನ ಕಬ್ಬಿಣದ ಪುಡಿ ನೋಡಿದರು. ನೀವು ಮಾಡಿದ್ದು ಯಾವುದು ಅಂತ ಕೇಳಿದರು. ತಡವಾಗಿ ಬಂದವರು ಯಾವಾಗಲೂ ಆಮೇಲೆ ಬಹಳ ಚುರುಕಾಗುತ್ತಾರೆ. ಗೆರೆಯ ವಾಲಿಕೆ ಅವರ ಕಣ್ಣಿಗೆ ತಕ್ಷಣ ಬಿತ್ತು. ಹದಿನೈದು ಒಂದು ಕಡೆ, ಎರಡು ಇನ್ನೊಂದು ಕಡೆ. ಆ ಎರಡರಲ್ಲಿ ಒಂದರ ಕೆಳಗೆ ಬೆಳಕು ಸತ್ತಿತ್ತು. ಇನ್ನೊಂದರಲ್ಲಿ ಒಂದು ಅಂಚಿನ ಹತ್ತಿರ ಕೂದಲೆಳೆಯಷ್ಟು ನುಸುಳುತ್ತಿತ್ತು.

ಮೇಷ್ಟ್ರು ಕೂದಲೆಳೆಯದನ್ನು ಎತ್ತಿಕೊಂಡು, "ಇದು ನನ್ನದು ಸಾರ್" ಅಂದರು.

"ಹಾಗಾದ್ರೆ ಈ ಚೆನ್ನಾಗಿರೋದು?"

"ಅತ್ತಿಗೆಯದು."

ಅತ್ತಿಗೆ ಅನ್ನುವ ಪದ ಅಲ್ಲಿ ಬರಬಾರದಿತ್ತು. ಪರೀಕ್ಷಕರು ಪ್ರಿನ್ಸಿಪಾಲರ ಮುಖ ನೋಡಿ ನಕ್ಕರು. "ಸಂಬಂಧಿಕರಾ," ಅಂದರು, "ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ." ಅಲ್ಲಿಗೆ ಆ ಶೆಡ್ಡಿನಲ್ಲಿ ಯಾರು ಏನು ಹೇಳಿದರೂ ಅದು ಗದ್ದಲವೆಂದೇ ಲೆಕ್ಕವಾಯಿತು. ಸಂಬಂಧವಿಲ್ಲ ಸಾರ್, ಎಲ್ಲರೂ ಹಾಗೇ ಕರೀತೀವಿ ಅಂತ ಹದಿನೈದು ಹುಡುಗರು ಒಟ್ಟಿಗೆ ಅಂದದ್ದು, ಮೊದಲೇ ಹೇಳಿಕೊಟ್ಟಂತೆ ಕೇಳಿಸಿತು.

ವಿಚಾರಣೆಗೆ ಮೂವರ ಸಮಿತಿ ಬಂತು. ಅದರಲ್ಲಿ ಅರ ಹಿಡಿದವರು ಒಬ್ಬರೂ ಇರಲಿಲ್ಲ. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇರೆ ಸರಕು ಅವರ ಬಳಿ ಇರಲಿಲ್ಲ. ಕಷ್ಟವೇನೆಂದರೆ, ಇದ್ದದ್ದು ಸುಳ್ಳಿನ ಹಾಗೆ ಇತ್ತು. ಸಮಿತಿಯ ಹಿರಿಯರು ಕನ್ನಡಕ ತೆಗೆದಿಟ್ಟು, "ಮೂವತ್ತು ವರ್ಷ ಸರ್ವೀಸ್ ಆದ ನೀವು ಮಾಡಿದ್ದು ಕೆಟ್ಟದ್ದು, ಒಂದು ವರ್ಷ ಕಲಿತವರು ಮಾಡಿದ್ದು ಒಳ್ಳೇದು. ಇದನ್ನ ನಾವು ನಂಬಬೇಕು" ಅಂದರಂತೆ.

"ನಂಬಬೇಡಿ ಸಾರ್," ಅಂದರು ಮೇಷ್ಟ್ರು. "ಅವರ ಕೈಗೆ ಒಂದು ಅರ ಕೊಡಿ. ನಿಮ್ಮೆದುರಿಗೇ ಉಜ್ಜಲಿ. ನಾನು ಊರಲ್ಲೇ ಇರಲ್ಲ ಬೇಕಾದ್ರೆ."

ಅಂಥ ಅವಕಾಶ ನಿಯಮದಲ್ಲಿಲ್ಲ ಅಂತ ಉತ್ತರ ಬಂತು. ನಿಯಮದಲ್ಲಿ ಇದ್ದದ್ದು ಮುಂದಿನ ಪರೀಕ್ಷೆ, ಹತ್ತು ತಿಂಗಳಿಗೆ. ಪಂಪ್‌ಹೌಸಿನ ಗಡುವು ಎಂಟು ವಾರಕ್ಕೆ. ಅತ್ತಿಗೆ ಸಮಿತಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಎರಡು ದಿನ ಕೂತರು. ಆಕೆಯನ್ನು ಒಳಗೆ ಕರೆದದ್ದು ಒಮ್ಮೆ, ಸಹಿ ಹಾಕಲು. ಪೆನ್ನು ಎಡಗೈಗೆ ತೆಗೆದುಕೊಂಡದ್ದನ್ನು ಮೂವರೂ ನೋಡಿ, ಬರೆದುಕೊಂಡರು.

ಒಂದು ದಾರಿ ಉಳಿದಿತ್ತು. ಹದಿನೇಳನೆಯ ತುಂಡು ಇದೊಂದೇ ವರ್ಷದ ಕಳ್ಳ ತುಂಡಲ್ಲ, ವರ್ಷವರ್ಷವೂ ಬರುವ ತುಂಡು ಅಂತ ತೋರಿಸಿದರೆ, ಅತ್ತಿಗೆಯ ತುಂಡನ್ನು ಮೇಷ್ಟ್ರೇ ಉಜ್ಜಿಕೊಟ್ಟರು ಅನ್ನುವ ಸಮಿತಿಯ ಅನುಮಾನಕ್ಕೆ ಕಾಲು ಉಳಿಯುತ್ತಿರಲಿಲ್ಲ. ಪ್ರಿನ್ಸಿಪಾಲರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಅಂದರೆ ಗೊತ್ತಿದ್ದೂ ಯಾಕೆ ಬಿಟ್ಟಿರಿ ಅಂತ ಕೇಳುತ್ತಾರೆ, ಆದ್ದರಿಂದ ಗೊತ್ತಿರಲಿಲ್ಲ ಅಂದರು. ಹಳೇ ವಿದ್ಯಾರ್ಥಿಗಳು ಬಂದು ಹೇಳಿದರು. ಅವರೆಲ್ಲ ಮೇಷ್ಟ್ರ ಶಿಷ್ಯರು, ಅವರ ಮಾತಿಗೆ ತೂಕವಿಲ್ಲ ಅಂತ ಬದಿಗಿಟ್ಟರು. ಕೊನೆಗೆ ಸಮಿತಿಯ ಗುಮಾಸ್ತ ರಸ್ತೆ ದಾಟಿ, ತುಂಡು ಕತ್ತರಿಸಿ ಕೊಟ್ಟ ಅಂಗಡಿಗೆ ಬಂದ. ಪ್ರತಿ ವರ್ಷ ಎಷ್ಟು ತುಂಡು ಕೊಡುತ್ತಿದ್ದಿರಿ ಅಂತ ಕೇಳಿದ. ಹಿಂದಿನ ದಿನವೇ ಪ್ರಿನ್ಸಿಪಾಲರು ಅದೇ ಕೌಂಟರಿಗೆ ಮೊಣಕೈ ಊರಿ, ಬರುವ ವರ್ಷ ಶಾಲೆಗೆ ಹೊಸ ಸಾಮಾನು ಬಹಳ ಬೇಕಾಗುತ್ತದೆ, ಇದರಲ್ಲೆಲ್ಲ ನೀವು ಯಾಕೆ ತಲೆ ಹಾಕುತ್ತೀರಿ ಅಂತ ನಗುನಗುತ್ತ ಹೇಳಿ ಹೋಗಿದ್ದರು. ಗುಮಾಸ್ತನಿಗೆ ಸಿಕ್ಕಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ: ಹದಿನಾರೋ ಹದಿನೇಳೋ, ನೆನಪಿಲ್ಲ.

ವರದಿಯಲ್ಲಿ "ಸರಬರಾಜುದಾರರೂ ದೃಢಪಡಿಸಿಲ್ಲ" ಅಂತ ಒಂದು ಸಾಲು ಬಂತು.

ಹದಿನೈದು ಹುಡುಗರ ಫಲಿತಾಂಶ ಎರಡು ತಿಂಗಳ ಮೇಲೆ ಬಿಟ್ಟರು, ಎಲ್ಲರೂ ಪಾಸು. ಅತ್ತಿಗೆಯದು ರದ್ದಾಯಿತು. ಪಂಪ್‌ಹೌಸಿನವರು ಗಡುವಿನ ಮೇಲೆ ಒಂದು ವಾರ ಕಾದರು, ಅವರ ಮಟ್ಟಿಗೆ ಅದು ದೊಡ್ಡ ಮನಸ್ಸೇ, ಆಮೇಲೆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಮೇಷ್ಟ್ರನ್ನು ಶೆಡ್ಡಿನಿಂದ ಸ್ಟೋರ್ ರೂಮಿಗೆ ಹಾಕಿದರು. ನಟ್ಟು, ಬೋಲ್ಟು, ಪೊರಕೆ, ಬಲ್ಬು ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಹದಿನೇಳನೆಯ ವೈಸು ಶಾಲೆಯ ಆಸ್ತಿಯ ಪಟ್ಟಿಯಲ್ಲಿ ಇಲ್ಲವೆಂದು ಬಿಚ್ಚಿ ಗೋಡೆಯ ಪಕ್ಕ ಹಾಕಿದರು, ಮಳೆಗೆ ತುಕ್ಕು ಹಿಡಿಯಿತು.

ಮೂರು ತಿಂಗಳಾದ ಮೇಲೆ ಮೇಷ್ಟ್ರು ಅತ್ತಿಗೆಯನ್ನು ಹುಡುಕಿಕೊಂಡು ಹೋದರು. ಆಕೆ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ತೊಳೆಯುವ ವಿಭಾಗದಲ್ಲಿ ಇಸ್ತ್ರಿಗೆ ಸೇರಿದ್ದರು. ಹಬೆ ತುಂಬಿದ ಕೋಣೆ, ಉದ್ದನೆಯ ಮೇಜು, ಬಿಳಿ ಚಾದರದ ಗುಡ್ಡೆ. ಆಕೆ ಎಡಗೈಯಲ್ಲಿ ಇಸ್ತ್ರಿ ಎಳೆಯುತ್ತಿದ್ದರು, ಮೊಣಕೈ ತಗ್ಗಿಸಿ, ಭಾರ ಸರಿಯಾದ ಜಾಗದಲ್ಲಿ ದಾಟಿಸಿ. ಮೇಷ್ಟ್ರ ಕಣ್ಣಿಗೆ ಅದು ಬೀಳದೆ ಇರಲಿಲ್ಲ. ಮುಂದಿನ ಪರೀಕ್ಷೆಯ ಅರ್ಜಿ ತಂದಿದ್ದೀನಿ, ಸಂಜೆ ಅಭ್ಯಾಸಕ್ಕೆ ಮನೆಯಲ್ಲೇ ವ್ಯವಸ್ಥೆ ಮಾಡಿಕೊಡುತ್ತೀನಿ ಅಂತ ಹೇಳಿದರು. ಆಕೆ ಇಸ್ತ್ರಿಯನ್ನು ನಿಲ್ಲಿಸಿಟ್ಟು ಅರ್ಜಿ ಪೂರ್ತಿ ಓದಿದರು. ಮಡಿಸಿ ವಾಪಸು ಕೊಟ್ಟರು.

"ಈಗ ಯಾವ ಕೆಲಸಕ್ಕೆ ಮೇಷ್ಟ್ರೇ ಇದು?"

ಮೇಷ್ಟ್ರು ಅರ್ಜಿಯನ್ನು ಜೇಬಿಗೆ ಹಾಕಿಕೊಂಡರು.

"ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ," ಅಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಬಿಟ್ಟು ಹೋಗ್ತೀನಿ ಅಂತಿದ್ದೆ ನಾನು, ಎರಡನೇ ತಿಂಗಳಲ್ಲೇ. ಅವಾಗ ಬಿಟ್ಟುಬಿಡಬೇಕಿತ್ತು ನೀವು. ಇಲ್ಲ ಅಂದ್ರೆ ಅವತ್ತೊಂದು ದಿನ ಎಲ್ಲಾ ಮೇಷ್ಟ್ರ ಹಾಗೆ ಕುರ್ಚಿ ಮೇಲೆ ಕೂತಿರಬೇಕಿತ್ತು. ಎರಡೂ ಮಾಡಲಿಲ್ಲ."

"ಹೌದು," ಅಂದರು ಮೇಷ್ಟ್ರು.

ಮೇಲ್ವಿಚಾರಕಿ ಆ ಕಡೆಯಿಂದ ನೋಡುತ್ತಿದ್ದಳು. ಅತ್ತಿಗೆ ಮುಂದಿನ ಚಾದರ ಹಾಸಿದರು. ಹೊರಡುವಾಗ ಮೇಷ್ಟ್ರು ಮಗಳ ಓದಿನ ಬಗ್ಗೆ ಕೇಳಿದರು, ಆಕೆ "ಓದ್ತಿದ್ದಾಳೆ" ಅಂದರು. ಅಷ್ಟೇ. ಎರಡೂ ಮಾಡಲಿಲ್ಲ ಅಂತ ಅತ್ತಿಗೆ ಅಂದ ಆ ಮಾತನ್ನು ಮೇಷ್ಟ್ರು ಅಂಗಡಿಯಲ್ಲಿ ಒಮ್ಮೆ ಹೇಳಿದರು, ಹೇಳಿ, ಅದರಲ್ಲಿ ತಪ್ಪೇನಿದೆ ಅಂತ ನೋಡಿದೆ, ಎಲ್ಲೂ ಬೆಳಕು ಬಿಡಲಿಲ್ಲ ಅಂದರು.

ಅದಾದ ಮೇಲೆ ಅವರು ಅರ ಮುಟ್ಟಲಿಲ್ಲ. ಹೆಂಡತಿಗೆ ಮೊದಲು ನೆಮ್ಮದಿಯಾಯಿತು, ಆಮೇಲೆ ಹೆದರಿಕೆಯಾಯಿತು. ಮನೆಯ ಚಾಕು ಮೊಂಡಾಗಿದೆ, ಉಜ್ಜಿಕೊಡಿ ಅಂತ ಬೇಕೆಂದೇ ಕೊಟ್ಟು ನೋಡಿದರು. ಮೇಷ್ಟ್ರು ಹೊಸ ಚಾಕು ತಂದುಕೊಟ್ಟರು. ಶೆಡ್ಡಿಗೆ ಬಂದ ಹೊಸ ಮೇಷ್ಟ್ರು ಗೋಡೆಯ ಮೇಲೆ ಪರದೆ ಕಟ್ಟಿ ಅದರ ಮೇಲೆ ಅರ ಉಜ್ಜುವುದನ್ನು ತೋರಿಸುತ್ತಾರೆ. ಒಳ್ಳೆಯ ಮನುಷ್ಯ, ಅಂಗಿ ಶುಭ್ರ. ಗಂಟೆ ಹೊಡೆಯುವ ಮೊದಲೇ ಶೆಡ್ಡು ಖಾಲಿ. ಸ್ಟೋರ್ ರೂಮಿನ ಕಿಟಕಿ ಆ ಕಡೆಗೇ ಇತ್ತು. ಮೇಷ್ಟ್ರು ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡಿದ್ದರು, ಹಾಗೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಅವರನ್ನು ಶಿಸ್ತಿನ ಸಿಪಾಯಿ ಅಂದರು. ಮೇಷ್ಟ್ರು ಟೀ ಕುಡಿದು, ಲೋಟ ತಾವೇ ತೊಳೆದಿಟ್ಟು ಮನೆಗೆ ಹೋದರು.

ಅವರು ಈಗಲೂ ಅಂಗಡಿಯ ಮುಂದೆ ಹಾದುಹೋಗು‍ತ್ತಾರೆ, ತಲೆಯಾಡಿಸುತ್ತಾರೆ. ವರದಿಯ ಆ ಸಾಲನ್ನು ಓದಿದ ಮೇಲೂ ತಲೆಯಾಡಿಸುವುದನ್ನು ಬಿಟ್ಟಿಲ್ಲ. ಯಾಕೆ ಹಾಗೆ ಹೇಳಿದಿರಿ ಅಂತ ಒಮ್ಮೆಯೂ ಕೇಳಿಲ್ಲ. ನಾನು ಹೇಳಿದ್ದರೆ ಸಮಿತಿ ಕೇಳುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಬಹುಶಃ ಅದಕ್ಕೂ ಒಂದು ನಿಯಮ ತೋರಿಸುತ್ತಿದ್ದರು. ಆದರೂ ಪ್ರತಿ ವರ್ಷ ಹದಿನೇಳು ತುಂಡು ಕತ್ತರಿಸಿ ಕೊಟ್ಟದ್ದು ನನ್ನದೇ ಕೈ, ನೆನಪು ಚೆನ್ನಾಗಿಯೇ ಇತ್ತು. ಆ ಒಂದು ಮಾತನ್ನು ನಾನು ಅರದ ಮೇಷ್ಟ್ರಿಗೂ ಅತ್ತಿಗೆಗೂ ಕೊಡಬೇಕಿತ್ತು, ಕೊಡಲಿಲ್ಲ.